ಘಟ್ಟದ ಮೇಲಿನ ಟ್ಯೂನಿಂಗ್, ಘಟ್ಟದ ಕೆಳಗಿನ ನೀರು



ತುಮಕೂರು ರಸ್ತೆಯ ಮಾಕಳಿಯಲ್ಲಿ ಎರಡು ದಿನದ ಗೋಷ್ಠಿಗೆ ಕುಳಿತು ಜೆಟ್ ಸ್ಕೀ ಎಂಜಿನ್ನಿನ ವೇಗ ಹೆಚ್ಚಿಸುವ ಮಾತಾಡುವುದು ಕೆಲವರಿಗೆ ವಿಚಿತ್ರವಾಗಿ ಕಂಡೀತು. ಆದರೆ ಇಲ್ಲಿಂದ ನೆಲಮಂಗಲ ಮುಟ್ಟಿ ಎಡಕ್ಕೆ ಹೊರಳಿದರೆ 75ನೇ ಹೆದ್ದಾರಿ ಹಾಸನ ದಾಟಿ, ಶಿರಾಡಿ ಘಾಟಿ ಇಳಿದು ನೇರ ಮಂಗಳೂರು ಸೇರುತ್ತದೆ. ಪಣಂಬೂರು, ಮಲ್ಪೆಯ ಅಲೆಗಳ ಮೇಲೆ ಓಡುವ ಯಂತ್ರಕ್ಕೆ ಬೇಕಾದ ಲೇತ್, ಬೋರಿಂಗ್, ಬ್ಯಾಲೆನ್ಸಿಂಗ್ ಕೆಲಸ ಬಲ್ಲವರು ಮಾತ್ರ ಈ ತುಮಕೂರು ರಸ್ತೆಯ ಆಸುಪಾಸಿನಲ್ಲೇ ಇದ್ದಾರೆ. ಟೂ ಸ್ಟ್ರೋಕ್ ಬೈಕ್ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು. ಆರ್‌ಎಕ್ಸ್ 100 ಬೈಕಿನ ತಯಾರಿಕೆ ನಿಂತದ್ದೂ ಅದೇ ವರ್ಷ. ಆದರೂ ಟೂ ಸ್ಟ್ರೋಕ್ ಸಿಲಿಂಡರಿನ ಪೋರ್ಟು ತಿದ್ದುವುದರಲ್ಲಿ ಪಳಗಿದ ಕೈಗಳು ನಮ್ಮಲ್ಲಿ ಇನ್ನೂ ಇವೆ. 1973ರಲ್ಲಿ ಕವಾಸಾಕಿ ಮಾರುಕಟ್ಟೆಗೆ ತಂದ ಮೊದಲ ಜೆಟ್ ಸ್ಕೀಗಳೂ ಟೂ ಸ್ಟ್ರೋಕ್ ಯಂತ್ರಗಳೇ.

ಆ ಕೈಗಳಿಗೆ ನೀರು ಬೇರೆಯೇ ಲೆಕ್ಕ ಕೊಡುತ್ತದೆ. ವೇಗ ಹೆಚ್ಚಿದಂತೆ ಬೇಕಾಗುವ ಶಕ್ತಿ ಸುಮಾರಾಗಿ ವೇಗದ ಮೂರನೇ ಘಾತದಷ್ಟು ಏರುತ್ತದೆ. 300 ಅಶ್ವಶಕ್ತಿಯ ಯಂತ್ರವನ್ನು ಶೇ. 10ರಷ್ಟು ಚುರುಕು ಮಾಡಲು 400ರ ಹತ್ತಿರ ಬೇಕು. ಜೆಟ್ ಸ್ಕೀಯಲ್ಲಿ ಗೇರ್‌ಬಾಕ್ಸ್ ಇಲ್ಲ, ಕ್ರ್ಯಾಂಕಿನ ತಿರುಗುವಿಕೆ ಸೀದಾ ಪಂಪಿನ ಇಂಪೆಲ್ಲರಿಗೆ ಹೋಗುತ್ತದೆ. ಎಂಜಿನ್ ನಿಯಂತ್ರಿಸುವ ಇಸಿಯುನಲ್ಲಿ ಆರ್‌ಪಿಎಂ ಮಿತಿ ಏರಿಸಿ, ಇಂಪೆಲ್ಲರಿನ ಪಿಚ್ ಹಾಗೇ ಬಿಟ್ಟರೆ ಎಲೆಗಳ ಹಿಂದೆ ಒತ್ತಡ ಕುಸಿದು, ತಣ್ಣಗಿರುವಾಗಲೇ ನೀರು ಆವಿಯ ಗುಳ್ಳೆಯಾಗುತ್ತದೆ. ಗುಳ್ಳೆ ಒಡೆದಲ್ಲೆಲ್ಲ ಸ್ಟೀಲಿನಲ್ಲಿ ಕುಳಿ ಬೀಳುತ್ತದೆ. ಎಂಜಿನ್ ಚೀರುತ್ತದೆ, ಬೋಟು ಮುಂದೆ ಹೋಗುವುದಿಲ್ಲ. ಇಂಪೆಲ್ಲರಿಗೂ ಅದರ ಸುತ್ತಣ ವೇರ್ ರಿಂಗಿಗೂ ನಡುವಿನ ಸಂದು ಅರ್ಧ ಮಿಲಿಮೀಟರಿಗಿಂತ ಕಡಿಮೆ ಇರಬೇಕು. ಮರಳು ಸವೆಸಿದ ಆ ಸಂದನ್ನು ಸರಿಪಡಿಸಿದರೆ ಸಿಗುವ ವೇಗ, ದುಬಾರಿ ಸೂಪರ್‌ಚಾರ್ಜರ್ ಚಕ್ರ ಹಾಕಿದರೂ ಎಷ್ಟೋ ಸಲ ಸಿಗುವುದಿಲ್ಲ. ಮೊದಲು ಪಂಪು ಬಿಚ್ಚಿ ಎಂಬುದು ನನ್ನ ಖಚಿತ ಅಭಿಪ್ರಾಯ.

ನನ್ನನ್ನು ಹೆಚ್ಚು ಕಾಡುವ ಸಂಗತಿ ಗಾಳಿಯದು. ನಾವು ಈಗ ಕುಳಿತಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ ವಾಯುಭಾರ 910 ಮಿಲಿಬಾರ್ ಆಸುಪಾಸು, ಮಲ್ಪೆಯಲ್ಲಿ 1010. ಕಾರ್ಬುರೇಟರ್ ಇರುವ ಟೂ ಸ್ಟ್ರೋಕ್ ಎಂಜಿನ್ನಿಗೆ ಇಲ್ಲಿ ಕಿವಿಗೊಟ್ಟು ಜೆಟ್ ಕೂಡಿಸಿ ಘಾಟಿ ಇಳಿಸಿದರೆ, ದಟ್ಟ ಗಾಳಿಯಲ್ಲಿ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಇಂಧನ ಸಾಲದಾಗುತ್ತದೆ. ಬೈಕಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಡುವುದು ಕೆಲವು ಸೆಕೆಂಡು ಮಾತ್ರ. ನೀರಿನ ಮೇಲೆ ನಿಮಿಷಗಟ್ಟಲೆ ಹಾಗೇ ಹಿಡಿಯುತ್ತಾರೆ. ಪಿಸ್ಟನ್ ಸೀಜ್ ಆಗುವುದು ದಡದಿಂದ ದೂರದಲ್ಲಿ.

ಫೋರ್ ಸ್ಟ್ರೋಕ್ ಸೂಪರ್‌ಚಾರ್ಜ್ಡ್ ಯಂತ್ರಗಳಲ್ಲಿ ಇಸಿಯು ಇಂಧನವನ್ನು ಸರಿದೂಗಿಸೀತು. ಆದರೆ ಅದೇ ಆರ್‌ಪಿಎಂನಲ್ಲಿ ಮ್ಯಾನಿಫೋಲ್ಡಿನ ಒತ್ತಡ ಇಲ್ಲಿಗಿಂತ ಕಡಲತೀರದಲ್ಲಿ ಹತ್ತರಲ್ಲೊಂದು ಪಾಲು ಹೆಚ್ಚಿರುತ್ತದೆ, ಎಂಜಿನ್ ನಾಕ್ ಆಗುವ ಗಡಿ ಹತ್ತಿರವಾಗುತ್ತದೆ. ಇದರ ಮೇಲೆ ಪೆಟ್ರೋಲಿನ ಗೊಂದಲ ಬೇರೆ. ಅಮೆರಿಕದ ಕಿಟ್ ಮೇಲೆ 93 ಆಕ್ಟೇನ್ ಎಂದು ಬರೆದಿದ್ದರೆ ನಮ್ಮ ಬಂಕಿನ ಅಳತೆಯಲ್ಲಿ ಅದು ಸುಮಾರು 98. ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲನ್ನು ಅದಕ್ಕೆ ಹತ್ತಿರದ್ದೆಂದು ಭಾವಿಸಿ ತುಂಬಿಸಿದವರ ಪಿಸ್ಟನ್ನಿಗೆ ಕೇಡು ತಪ್ಪಿದ್ದಲ್ಲ. ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಇಂಜೆಕ್ಟರಿನ ಲೆಕ್ಕವನ್ನೂ ಮರಳಿ ಹಾಕಬೇಕು.

ಇನ್ನು ಸವಾರನ ಮಾತು. ಅಮೆರಿಕದಲ್ಲಿ ತಯಾರಕರು ವೇಗವನ್ನು ಗಂಟೆಗೆ 65 ಮೈಲಿ, ಅಂದರೆ 105 ಕಿ.ಮೀ. ಆಸುಪಾಸಿಗೆ ಕಟ್ಟಿಹಾಕಿಕೊಂಡು ಬಂದದ್ದಕ್ಕೆ ಕಾರಣವಿದೆ. ಚಿಮ್ಮುವ ನೀರೇ ಈ ವಾಹನದ ಚುಕ್ಕಾಣಿ. ಹೆದರಿ ಆಕ್ಸಿಲರೇಟರ್ ಬಿಟ್ಟ ಕ್ಷಣ ಹ್ಯಾಂಡಲ್ ತಿರುಗಿಸಿದರೂ ಬೋಟು ತಿರುಗುವುದಿಲ್ಲ, ಇದ್ದ ದಿಕ್ಕಿಗೇ ಜಾರುತ್ತದೆ. ಭಾನುವಾರ ಸಂಜೆ ಪಣಂಬೂರಿನಲ್ಲಿ ಮಕ್ಕಳು ಮೊಣಕಾಲು ನೀರಿನಲ್ಲಿ ಆಡುತ್ತಿರುತ್ತಾರೆ. ವೇಗ ಹೆಚ್ಚಿಸಿದ ಯಂತ್ರವನ್ನು ಅಂಥ ದಡದಲ್ಲಿ ಬಾಡಿಗೆಗೆ ಬಿಡುವುದನ್ನು ನಾನು ಒಪ್ಪಲಾರೆ. ಅದಕ್ಕೆ ಜನರಿಲ್ಲದ, ಗುರುತು ಹಾಕಿದ ಪಥವೇ ಬೇಕು. ಎಂಜಿನ್ ನಿಲ್ಲಿಸುವ ಹಗ್ಗ ಸವಾರನ ಕೈಗೆ ಕಟ್ಟಿರಬೇಕು.

ಈ ಎರಡು ದಿನದ ಗೋಷ್ಠಿಗಳು ಒಂದು ಪದ್ಧತಿಯನ್ನು ರೂಪಿಸಲಿ ಎಂಬುದು ನನ್ನ ಆಶಯ. ಇಲ್ಲಿ ಡೈನೋ ಮೇಲೆ ಪಡೆದ ಪ್ರತಿ ಅಂಕಿಯ ಪಕ್ಕದಲ್ಲಿ ಆ ದಿನದ ವಾಯುಭಾರ, ತಾಪಮಾನ, ಪೆಟ್ರೋಲಿನ ಆಕ್ಟೇನ್ ಬರೆದಿರಲಿ. ಕಡಲಿಗಿಳಿದ ಮೇಲೆ ಗಾಳಿ-ಇಂಧನ ಅನುಪಾತ, ಎಕ್ಸಾಸ್ಟ್ ಶಾಖ, ಆರ್‌ಪಿಎಂ, ಜಿಪಿಎಸ್ ವೇಗ ಒಟ್ಟಿಗೆ ದಾಖಲಾಗಲಿ. ಆ ಎರಡನೇ ದಾಖಲೆ ಇಲ್ಲದ ಎಂಜಿನ್ನನ್ನು ಗಿರಾಕಿಯ ಕೈಗೆ ಕೊಡಬಾರದು ಎಂಬ ನಿಯಮವನ್ನು ಮೊದಲ ಗೋಷ್ಠಿಯೇ ಚರ್ಚೆಗೆ ಎತ್ತಿಕೊಳ್ಳಲಿ ಎಂದು ಕೋರುತ್ತೇನೆ.