ರಾಜಕಾಲುವೆಯ ಖರ್ಚು ಯಾರದು?

(ಕುರುಡುಮಲೆಯ ರೈತರ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಬಿದ್ದ ಮಳೆಯನ್ನು ಕೆರೆಗೆ ಸೇರಿಸುವುದೂ, ಹೆಚ್ಚಾದುದನ್ನು ಕೋಡಿಯಿಂದ ಕೆಳಗಿನ ಕೆರೆಗೆ ಸಾಗಿಸುವುದೂ ರಾಜಕಾಲುವೆಯ ಕೆಲಸ. ಅದು ಹೂತರೆ ಮೇಲೆ ಹೊಲದಲ್ಲಿ ನೀರು ನಿಂತು ಟೊಮ್ಯಾಟೊ ಬೇರು ಕೊಳೆಯುತ್ತದೆ. ಕೆಳಗೆ ಕೆರೆ ಬರಿದಾಗುತ್ತದೆ. 2021ರ ನವೆಂಬರ್ ಮಳೆಯಲ್ಲಿ ಜಿಲ್ಲೆಯ ಹಲವು ಕೆರೆಗಳು ಕೋಡಿ ಬಿದ್ದುದನ್ನು ತಾವು ಕಂಡಿದ್ದೀರಿ.

ಹಿಂದೆ ಈ ಖರ್ಚಿಗೆ ವ್ಯವಸ್ಥೆಯಿತ್ತು. ಕೆರೆ ಕಟ್ಟಿಸಿದವರಿಗೂ ದುರಸ್ತಿ ಮಾಡಿದವರಿಗೂ ದಶವಂದ, ಕಟ್ಟುಕೊಡಗೆ ಎಂದು ಭೂಮಿ ಬಿಟ್ಟುಕೊಟ್ಟುದನ್ನು ಈ ಸೀಮೆಯ ಶಾಸನಗಳು ಹೇಳುತ್ತವೆ. ಅಂದರೆ ಕೆರೆಯ ಫಲದಿಂದಲೇ ಕೆರೆಯ ಖರ್ಚು.

ಇಂದು ಸಾಲಪತ್ರ, ಅಂದರೆ ಬಾಂಡ್, ಎಂಬ ಮಾರ್ಗವೂ ಇದೆ. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ 125 ಕೋಟಿ ರೂಪಾಯಿಗಳನ್ನು ಹೀಗೆ ಎತ್ತಿತು. 2005ರಲ್ಲಿ ಬೆಂಗಳೂರಿನ ಸುತ್ತಲಿನ 8 ಪಟ್ಟಣಗಳ ನೀರು ಸರಬರಾಜಿಗೆ ಒಟ್ಟಾಗಿ 100 ಕೋಟಿ ಸಂಗ್ರಹಿಸಲಾಯಿತು. ಚಿಕ್ಕವರು ಒಗ್ಗೂಡಿದರೆ ಸಾಲ ಹುಟ್ಟುತ್ತದೆ ಎಂಬುದು ಇದರ ಪಾಠ.

ಆದರೆ ಸಾಲವು ವರಮಾನವಲ್ಲ. ಉದಾಹರಣೆಗೆ, ಕಾಲುವೆಗೆ ಕಲ್ಲು ಕಟ್ಟಲು 10 ಲಕ್ಷ ರೂಪಾಯಿಗಳನ್ನು ಶೇಕಡಾ 8ರ ಬಡ್ಡಿಗೆ ತಂದು 10 ವರ್ಷಗಳ ಸಮ ಕಂತುಗಳಲ್ಲಿ ತೀರಿಸುವುದಾದರೆ, ವರ್ಷಕ್ಕೆ ಸುಮಾರು 1 ಲಕ್ಷ 49 ಸಾವಿರ ಬೇಕು. ಅಚ್ಚುಕಟ್ಟು 100 ಎಕರೆಯಾದರೆ ಎಕರೆಗೆ 1,490 ರೂಪಾಯಿ. ಕೆರೆ ತುಂಬದ ವರ್ಷದಲ್ಲೂ ಕಂತು ನಿಲ್ಲುವುದಿಲ್ಲ. ಆದ್ದರಿಂದ ಒಂದೇ ಹಳ್ಳಿ ಈ ಹೊರೆ ಹೊರುವುದು ಕ್ಷೇಮವಲ್ಲ.

ನನ್ನ ಸಲಹೆಗಳು ಇಷ್ಟು:

1. ಕಲ್ಲುಕಟ್ಟಡ, ಸೇತುವೆ, ಕೋಡಿಯಂಥ ದೀರ್ಘಕಾಲದ ಕೆಲಸಕ್ಕೆ ಮಾತ್ರ ಅನುದಾನ ಅಥವಾ ಸಾಲ. ಅದೂ ಒಂದೇ ಸರಣಿಯ ಕೆರೆಗಳ ಊರುಗಳೆಲ್ಲ ಸೇರಿ.

2. ಪ್ರತಿವರ್ಷದ ಹೂಳು ತೆಗೆಯುವಿಕೆಗೆ ಸಾಲ ಬೇಡ. ಮುಂಗಾರಿಗೆ ಮೊದಲೇ ಊರಿನ ವಂತಿಗೆ, ಆಳುದುಡಿಮೆ ಮತ್ತು ಪಂಚಾಯತಿ ತೆರಿಗೆಯಿಂದ ಅದು ನಡೆಯಲಿ.

3. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯತಿಯು ಕಟ್ಟಡಗಳಿಗೆ ತೆರಿಗೆ ಹಾಕಬಹುದು. ಕೃಷಿ ಕಂದಾಯಕ್ಕೆ ಒಳಪಟ್ಟ ಜಮೀನಿಗೆ ಅಲ್ಲ. ಮನೆಯ ಚರಂಡಿ ನೀರೂ ಕಾಲುವೆಗೇ ಬರುವುದರಿಂದ ಮನೆಯವರೂ ಪಾಲು ಕೊಡುವುದು ನ್ಯಾಯ.

4. ವಸೂಲಾದ ಹಣ, ಆದ ಖರ್ಚು ಎರಡನ್ನೂ ಗ್ರಾಮಸಭೆಯಲ್ಲಿ ಓದಿ ಹೇಳಿರಿ. ಲೆಕ್ಕ ಕಂಡವನು ಮರುವರ್ಷ ತಕರಾರಿಲ್ಲದೆ ಕೊಡುತ್ತಾನೆ.

5. ಎಲ್ಲಕ್ಕೂ ಮೊದಲು ಅಳತೆ ಮಾಡಿಸಿ ಒತ್ತುವರಿ ಬಿಡಿಸಿರಿ. ಒತ್ತುವರಿಯಾದ ಕಾಲುವೆಗೆ ಎಷ್ಟು ಹಣ ಸುರಿದರೂ ನೀರು ಹರಿಯದು.

ಸರ್ಕಾರದ ಹಣ ಒಮ್ಮೆ ಬರುತ್ತದೆ. ಹೂಳು ಪ್ರತಿವರ್ಷ ಬರುತ್ತದೆ. ಇದನ್ನು ನೆನಪಿಟ್ಟು ಈ ಬೇಸಿಗೆಯಲ್ಲೇ ಕೆಲಸ ಆರಂಭಿಸುವಿರೆಂದು ನಂಬಿದ್ದೇನೆ.