ಹೇಳಲು ಬಂದವರು



ಧರ್ಮ ಹೇಳಲು ದೂರದಿಂದ ಬಂದವರನ್ನು ನಮ್ಮ ಕಲಬುರಗಿ ಭಾಗ ಕಂಡದ್ದು ಇಂದು ನಿನ್ನೆಯಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದು ಬಿದ್ದಾಗ, ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಇರುವುದು ಬೆಳಕಿಗೆ ಬಂತು. ತನ್ನ ಮತವನ್ನು ಹೊಗಳುವಾಗಲೂ ಇನ್ನೊಬ್ಬರ ಮತವನ್ನು ಹಳಿಯುವಾಗಲೂ ನಾಲಿಗೆ ಹಿಡಿತದಲ್ಲಿರಲಿ ಎನ್ನುವ ಹನ್ನೆರಡನೆಯ ಶಾಸನ ಅದೇ ಕಲ್ಲಿನಲ್ಲಿದೆ. ಪಕ್ಕದ ಕನಗನಹಳ್ಳಿಯಲ್ಲಿ ಸ್ತೂಪ ಇತ್ತು, ಭಿಕ್ಷುಗಳಿದ್ದರು. ಭಿಕ್ಷುವಿನ ಕೈಯಲ್ಲಿ ಪಾತ್ರೆ ಇರುತ್ತಿತ್ತು ಎಂಬುದನ್ನು ಮರೆಯಬಾರದು. ಬೆಳಗ್ಗೆ ಊರಿನವರ ಬಾಗಿಲಿಗೆ ಹೋಗಿ ನಿಂತು ಉಂಡವನೇ ಆಮೇಲೆ ಊರಿನವರಿಗೆ ನಾಲ್ಕು ಮಾತು ಹೇಳಬೇಕು. ಜೋಳಿಗೆ ಹಿಡಿದ ನಮ್ಮ ಜಂಗಮರದೂ ಇದೇ ದಾರಿ. ಈ ಏರ್ಪಾಟಿನಲ್ಲಿ ದೊಡ್ಡ ಜಾಣತನ ಇತ್ತು ಅಂತ ನನಗೆ ಅನಿಸುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ನಾಡಿಗೆ ಬಂದ ಯುರೋಪಿನ ತರುಣರಿಗೆ ಬೇಡಿ ಉಣ್ಣುವ ಈ ಅನುಕೂಲ ಇರಲಿಲ್ಲ. ಅನುಕೂಲ ಎಂದೇ ಹೇಳುತ್ತಿದ್ದೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕೆಲಸ ಶುರು ಮಾಡಿದ್ದು 1834ರಲ್ಲಿ. ಬಂದವರಲ್ಲಿ ಹೆಚ್ಚಿನವರು ತರುಣರು. ಅವರ ಊಟ, ವಸತಿ, ಬಟ್ಟೆಬರೆಯ ಹೊಣೆ ಮಿಷನ್ನಿನದು. ಮದುವೆಗೂ ಬಾಸೆಲ್ಲಿನ ಹಿರಿಯರ ಸಮಿತಿ ಒಪ್ಪಿಗೆ ಕೊಡಬೇಕು. ಎಷ್ಟೋ ಸಲ ಮದುಮಗ ಮುಖವನ್ನೇ ನೋಡದ ಹೆಣ್ಣು ಹಡಗು ಹತ್ತಿ ಬರುತ್ತಿದ್ದಳು. ಹುಟ್ಟಿದ ಮಕ್ಕಳನ್ನು ಓದಿಗೆಂದು ಸಣ್ಣ ವಯಸ್ಸಿನಲ್ಲೇ ಯುರೋಪಿಗೆ ಕಳಿಸಬೇಕು, ಆಮೇಲೆ ವರ್ಷಗಟ್ಟಲೆ ಪತ್ರಗಳಲ್ಲೇ ಮಾತು. ಜರ್ಮನ್ ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿ ಮರೀ ಗುಂಡರ್ಟ್ ತಲಶ್ಶೇರಿಯಲ್ಲಿ ಹುಟ್ಟಿ ಹೀಗೆ ದೂರ ಹೋದ ಮಗು. ಮಿಷನರಿಗಳ ಮತಪ್ರಚಾರವನ್ನು ನಾವು ಒಪ್ಪುವುದು ಬಿಡುವುದು ಬೇರೆ ವಿಷಯ. ಆ ಮನೆಗಳಲ್ಲಿ ತಾಯಂದಿರು ಏನು ಉಂಡು ಏನು ನುಂಗಿದರು ಎಂಬುದು ಬೇರೆ ವಿಷಯ.

ಈ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಬಂದಾಗ ಅವನಿಗೆ ಇಪ್ಪತ್ತೈದು. ಧಾರವಾಡ ಸೀಮೆಯಲ್ಲಿ ಕಾಲಜ್ಞಾನದ ಪಂಥದ ಕೆಲವರು ಬಂದು, ಪಶ್ಚಿಮದಿಂದ ಗುರುಗಳು ಬರುತ್ತಾರೆ ಅಂತ ನಮ್ಮ ಹೊತ್ತಿಗೆಯಲ್ಲೇ ಇದೆ ಎಂದರು. ತರುಣ ಮಿಷನರಿಗಳಿಗೆ ಹಿಗ್ಗೋ ಹಿಗ್ಗು. ಊರಿಗೆ ಊರೇ ಕ್ರಿಸ್ತನ ಕಡೆ ಬರುತ್ತದೆ ಎಂದು ನಂಬಿ ಬೆಟಗೇರಿ ಹತ್ತಿರ ಮಲಸಮುದ್ರದಲ್ಲಿ ಅಂಥವರಿಗಾಗಿ ಒಕ್ಕಲುತನದ ನೆಲೆಯೊಂದನ್ನೇ ಕಟ್ಟಿದರು. ನಿರೀಕ್ಷಿಸಿದ ಜನ ಬರಲಿಲ್ಲ, ಯೋಜನೆ ಮುರಿದು ಬಿತ್ತು. ಊರವರು ಮೋಸ ಮಾಡಿದರು ಎನ್ನಲಾರೆ. ಕಟ್ಟೆಯ ಮೇಲೆ ಕೂತು ಬಂದವರ ಮಾತಿಗೆ ತಲೆದೂಗುವುದು ನಮ್ಮವರ ಮರ್ಯಾದೆ. ಮನೆಗೆ ಹೋಗಿ ಮಾಡುವುದು ತಮ್ಮದೇ ಲೆಕ್ಕ. ಹೊಸಬನಿಗೆ ಇದು ತಿಳಿಯಲು ಕಾಲ ಬೇಕು.

ಮೋಗ್ಲಿಂಗ್ ತಿಳಿದುಕೊಂಡ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದ. ಊರಿನ ಸುದ್ದಿ, ಸರಕಾರದ ಕಾಯ್ದೆ, ಗಾದೆ, ಕಥೆ ಅದರಲ್ಲಿ. ಮುಂದೆ ಹಳೆಯ ಕನ್ನಡ ಕಾವ್ಯಗಳನ್ನು ಹುಡುಕಿ ಕಲ್ಲಚ್ಚಿನಲ್ಲಿ ಮುದ್ರಿಸಿದ: ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು. ನಿಮ್ಮ ದೇವರನ್ನು ಬಿಡಿ ಎನ್ನಲು ಬಂದವನು ಬಸವಪುರಾಣದ ಓಲೆಗರಿಗಾಗಿ ನಮ್ಮವರನ್ನೇ ಬೇಡಬೇಕಾಯಿತು. ಪಾತ್ರೆ ಕೈಗೆ ಬಂದದ್ದು ಹೀಗೆ.

ನಿಘಂಟಿನ ಕಿಟ್ಟೆಲ್ ನಮಗೆಲ್ಲ ಗೊತ್ತು. 1853ರಲ್ಲಿ ಬಂದಿಳಿದ ಇಪ್ಪತ್ತೊಂದರ ಕಿಟ್ಟೆಲ್ ಅಷ್ಟು ಗೊತ್ತಿಲ್ಲ. ಈ ಹುಡುಗನಿಗೆ ಬಂಗಲೆಯ ಬದುಕು ಹಿಡಿಸಲಿಲ್ಲ. ಇಲ್ಲಿಯವರ ಹಾಗೆ ಇರಬೇಕು, ನಡೆದುಕೊಂಡೇ ಹಳ್ಳಿಗಳಿಗೆ ಹೋಗಬೇಕು ಎಂದು ಹಟ. ಹಿರಿಯ ಮಿಷನರಿಗಳಿಗೆ ಇದು ಸರಿ ಬರಲಿಲ್ಲ, ತಕರಾರು ಬಾಸೆಲ್ಲಿನ ತನಕ ಹೋಯಿತು. ಹಿರಿಯರ ಮಾತಿನಲ್ಲೂ ಹುರುಳಿತ್ತು. ಜ್ವರ, ಭೇದಿಗೆ ಸಿಕ್ಕಿ ಬಂದ ವರ್ಷಗಳಲ್ಲೇ ಮಣ್ಣಾದ ತರುಣರನ್ನು ಅವರು ಕಂಡಿದ್ದರು. ಆದರೂ ನನ್ನ ಮನಸ್ಸು ಕಿಟ್ಟೆಲನ ಕಡೆಗೇ ವಾಲುತ್ತದೆ. 1894ರಲ್ಲಿ ಹೊರಬಂದ ಆ ನಿಘಂಟಿನ ಸುಮಾರು ಎಪ್ಪತ್ತು ಸಾವಿರ ಶಬ್ದಗಳು ಬಂಗಲೆಯ ಆರಾಮಕುರ್ಚಿಯಲ್ಲಿ ಸಿಗುವಂಥವಲ್ಲ. ಪಂಡಿತರನ್ನು, ಒಕ್ಕಲಿಗರನ್ನು, ಹೆಣ್ಣುಮಕ್ಕಳನ್ನು ಕೇಳಬೇಕು, ಅವರು ನಕ್ಕರೆ ನಗಿಸಿಕೊಳ್ಳಬೇಕು.

ಇಲ್ಲಿಂದ ಅಲ್ಲಿಗೆ ಹೋದವನೂ ಒಬ್ಬನಿದ್ದಾನೆ. ಮಂಗಳೂರಿನ ಸಾರಸ್ವತ ಹುಡುಗ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತನಾದಾಗ ಊರಿನಲ್ಲಿ ದೊಡ್ಡ ಗದ್ದಲವೇ ಎದ್ದಿತು. 1846ರಲ್ಲಿ ಮೋಗ್ಲಿಂಗ್ ಜೊತೆ ಹೊರಟ. ಐದು ವರ್ಷ ಬಾಸೆಲ್ಲಿನ ಚಳಿಯಲ್ಲಿ, ಜರ್ಮನ್ ಭಾಷೆಯಲ್ಲಿ ಓದಿ, ದೀಕ್ಷೆ ಪಡೆದು ಮಿಷನರಿಯಾಗಿ ಮರಳಿದ. ಪರದೇಶ ಅವನನ್ನು ಸೇರಿಸಿಕೊಂಡಿತು. ಕಷ್ಟ ಇದ್ದದ್ದು ತನ್ನ ಊರಿನಲ್ಲಿ. ಕೈಹಿಡಿದ ಹೆಂಡತಿ ಲಕ್ಷ್ಮಿ ಅವನ ಹೊಸ ಬದುಕಿಗೆ ಬರಲಿಲ್ಲ. ಅವಳ ಕಡೆಯಿಂದ ಯೋಚಿಸಿದರೆ ಅದೂ ಸರಿಯೇ. 1860ರಲ್ಲಿ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣುಮಗಳ ಜೊತೆ ಅವನ ಮದುವೆಯಾಯಿತು.

ನಮ್ಮ ಕಡೆ ರೈಲು ಬಂದ ಮೇಲೆ ಹೀಗೆ ಬರುವವರ ದಾರಿ ಸಲೀಸಾಯಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಹಾಯ್ದು ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿತು. ಮುಂದೆ ಕಲಬುರಗಿ, ಬೀದರದ ಕಡೆ ಅಮೆರಿಕದ ಮೆಥೋಡಿಸ್ಟರು ಬಂದರು. 2005ರಲ್ಲಿ ಕ್ಯಾಥೊಲಿಕ್ ಸಭೆ ಕಲಬುರಗಿಯನ್ನು ಪ್ರತ್ಯೇಕ ಧರ್ಮಪ್ರಾಂತ್ಯ ಮಾಡಿತು. ಈಗ ಇಲ್ಲಿಗೆ ಬರುವ ಪಾದ್ರಿಗಳು, ಸಿಸ್ಟರ್‌ಗಳು ಹೆಚ್ಚಾಗಿ ನಮ್ಮದೇ ದೇಶದವರು. ಆದರೆ ಕರಾವಳಿಯ ಕುಚ್ಚಲಕ್ಕಿ ಗಂಜಿ, ಮೀನು ಬಿಟ್ಟು ಶಹಾಬಾದಿನ ಮೇ ತಿಂಗಳಿಗೆ ಬಂದವರಿಗೆ ಇದೂ ಪರದೇಶವೇ.

ನನಗೆ ಪರಿಚಯದ ಒಬ್ಬ ಸಿಸ್ಟರ್ ಹೀಗೇ ಬಂದವರು. ಚಿಂಚೋಳಿ ಕಡೆಯ ಹಳ್ಳಿಯಲ್ಲಿ ದವಾಖಾನೆಯ ಕೆಲಸ. ಬೇಸಿಗೆ ರಾತ್ರಿ ಶಹಾಬಾದ್ ಕಲ್ಲಿನ ನೆಲಕ್ಕೆ ನೀರು ಚಿಮುಕಿಸಿ, ಅದರ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರಂತೆ. ತಾಂಡಾದ ಹೆಣ್ಣುಮಕ್ಕಳು ಬರುವರು, ಗುಳಿಗೆ ತೊಗೊಂಡು ಹೋಗುವರು. ಒಂದು ಮಾತು ಹೆಚ್ಚಿಲ್ಲ. ಒಂದು ದಿನ ಸಿಸ್ಟರ್ ಎದುರು ಮನೆಯ ಅಜ್ಜಿಯ ಹತ್ತಿರ ಹೋಗಿ, ‘ನನಗೂ ರೊಟ್ಟಿ ಬಡಿಯೋದು ಕಲಿಸ್ರಿ’ ಅಂದರು.

ಜೋಳದ ಹಿಟ್ಟಿನ ಸ್ವಭಾವ ನಿಮಗೆ ಗೊತ್ತೇ ಇದೆ. ಗೋಧಿಯ ಹಾಗೆ ಜಿಗಿ ಇಲ್ಲ. ಕುದಿಯುವ ಎಸರು ಹಾಕಿ, ಬೆರಳು ಸುಡುವಾಗಲೇ ನಾದಬೇಕು. ಬಡಿಯುವ ಕೈ ಉಂಡೆಯನ್ನು ತಿರುಗಿಸುತ್ತಲೂ ಇರಬೇಕು. ಸಿಸ್ಟರ್ ಬಡಿದದ್ದು ಮಣೆಯ ಮೇಲೆ ಅಂಚು ಸೀಳಿತು, ಹಂಚಿಗೆ ಹಾಕುವಾಗ ಎರಡು ತುಂಡಾಯಿತು. ಅಜ್ಜಿ, ‘ಯವ್ವಾ, ಸೂಜಿ ಚುಚ್ಚೋ ಕೈ ಇದು, ಇದಕ್ಕ ರೊಟ್ಟಿ ಹೆಂಗ ಬರ್ತದ’ ಅಂತ ಓಣಿಗೆಲ್ಲ ಕೇಳುವ ಹಾಗೆ ನಕ್ಕಳು. ಆ ತುಂಡು ರೊಟ್ಟಿಯನ್ನೇ ಪುಂಡಿಪಲ್ಯದ ಜೊತೆ ಇಬ್ಬರೂ ಉಂಡರು. ಆಮೇಲೆ ದವಾಖಾನೆಯಲ್ಲಿ ಗುಳಿಗೆಗೆ ಬಂದವರು ಕೂರತೊಡಗಿದರು. ಗಂಡ ಪುಣೆಗೆ ದುಡಿಯಲು ಹೋದದ್ದು, ಮಗಳ ಸಾಲಿ ಬಿಡಿಸಿದ್ದು, ಎಲ್ಲ ಮಾತಿಗೆ ಬಂತು.

ಆ ಸಿಸ್ಟರ್ ಈಗ ತಾಂಜಾನಿಯಾದಲ್ಲಿದ್ದಾರೆ. ಹೋದ ಹೊಸತರಲ್ಲೇ ಅಲ್ಲಿಯ ಒಂದು ಮನೆಯ ಒಲೆಯ ಮುಂದೆ ಕೂತು ಉಗಾಲಿ ತಿರುವಲು ಕಲಿಸಿ ಎಂದರಂತೆ. ಉಗಾಲಿ ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಅಲ್ಲಿ ನಮ್ಮ ಜೋಳವನ್ನೂ ಬೆಳೆಯುತ್ತಾರೆ, ‘ಮ್ತಾಮಾ’ ಎನ್ನುತ್ತಾರೆ. ನಿಮ್ಮ ಊರಿನಲ್ಲಿ ಇದನ್ನು ಏನು ಮಾಡುತ್ತೀರಿ ಅಂತ ಆ ಹೆಂಗಸರು ಕೇಳಿದಾಗ ಸಿಸ್ಟರ್ ಚಿಂಚೋಳಿಯವರ ಗತ್ತಿನಲ್ಲಿ ರೊಟ್ಟಿ ಬಡಿಯಲು ಕೂತರು. ಎರಡು ತುಂಡಾಯಿತಂತೆ. ಹಿಟ್ಟು ಹಳೆಯದಿತ್ತು ಅಂತ ಫೋನಿನಲ್ಲಿ ಅವರ ವಾದ. ಅಜ್ಜಿ ಅದನ್ನು ಒಪ್ಪಿಲ್ಲ.