ಅಜ್ಜಿಯ ದೇವರು, ಮೊಮ್ಮಗಳ ಪ್ರಶ್ನೆ

(ಸಂಘದ ನಾಡಹಬ್ಬದ ಸಭೆಯಲ್ಲಿ ಓದಿದ ಭಾಷಣ)



ನಾಡಹಬ್ಬದ ಸಭೆಯಲ್ಲಿ ನೀವು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ಸಾಲ, ಬಡ್ಡಿ, ಮನೆಯ ಕಂತು ಇಂಥ ವಿಷಯವಿರಬಹುದೆಂದು ಧೈರ್ಯವಾಗಿ ಒಪ್ಪಿಕೊಂಡೆ. ಬ್ಯಾಂಕಿನ ಗುಮಾಸ್ತನಿಂದ ಜನ ಅಪೇಕ್ಷಿಸುವುದು ಅದನ್ನೇ. ಆಮಂತ್ರಣ ಪತ್ರಿಕೆ ಕೈಗೆ ಬಂದಾಗ ನೋಡುತ್ತೇನೆ, ನನ್ನ ಹೆಸರಿನ ಮುಂದೆ 'ಬಾಲ್ಯದ ನಂಬಿಕೆ, ಪ್ರೌಢರ ನಂಬಿಕೆ' ಎಂದು ಅಚ್ಚಾಗಿದೆ. ನಾನು ವೇದಾಂತ ಓದಿದವನಲ್ಲ, ಬಿ.ಕಾಂ. ಓದಿದವನು. ಆದರೆ ದೇವರ ವಿಷಯದಲ್ಲಿ ಹತ್ತು ವರ್ಷಕ್ಕೆ ಇದ್ದ ಮನಸ್ಸು ಮೂವತ್ತೈದಕ್ಕೆ ಇರುವುದಿಲ್ಲವೆಂಬುದನ್ನು ತಿಳಿಯಲು ವೇದಾಂತ ಓದಬೇಕಾಗಿಲ್ಲ. ಅದು ಹೇಗೆ ಬದಲಾಗುತ್ತದೆ, ಬದಲಾದ ಮೇಲೆ ಉಳಿಯುವುದೇನು, ಮುಖ್ಯವಾಗಿ ಊರು ಬಿಟ್ಟು ಬಂದ ನಾವು ನಮ್ಮ ಮಕ್ಕಳ ಕೈಗೆ ಏನನ್ನು ಕೊಡುತ್ತಿದ್ದೇವೆ, ಇಷ್ಟನ್ನು ವಿಚಾರಮಾಡೋಣ.

ಮಗುವಿನ ದೇವರು ಎರಡು ಕಾಲಿನ ಮೇಲೆ ನಿಂತಿರುತ್ತಾನೆ. ಒಂದು ಭಯ, ಇನ್ನೊಂದು ವ್ಯಾಪಾರ. ನನ್ನ ಊರು ಕುಂದಾಪುರದ ಕಡೆಯ ಒಂದು ಹಳ್ಳಿ. ನಮ್ಮ ಮನೆಯ ಹಿಂದೆ ನಾಗಬನವಿತ್ತು. ಅಲ್ಲಿ ಒಣಗಿದ ಕಡ್ಡಿ ಮುರಿದರೂ ಮೈಮೇಲೆ ಹುಣ್ಣೇಳುತ್ತದೆಂದು ಅಜ್ಜಿ ಹೇಳಿದ್ದರು. ಬನದ ಪಕ್ಕದ ದಾರಿಯಲ್ಲಿ ನಾವು ಹುಡುಗರು ಉಸಿರು ಕಟ್ಟಿ ಓಡುತ್ತಿದ್ದೆವು. ಸುಳ್ಳು ಹೇಳಿದರೆ ದೇವರು ಕಣ್ಣು ಕೀಳುತ್ತಾನೆ. ಇದು ಭಯದ ಕಾಲು. ಲೆಕ್ಕದಲ್ಲಿ ಪಾಸಾದರೆ ಗಣಪತಿಗೆ ಒಂದು ಕಾಯಿ, ಮೊದಲನೆಯವನಾದರೆ ಐದು ಕಾಯಿ. ಇದು ವ್ಯಾಪಾರದ ಕಾಲು. ಈ ಖಾತೆಯಲ್ಲಿ ಕಾಯಿಯನ್ನು ಮೊದಲು ಕೊಡುವ ಪದ್ಧತಿಯಿಲ್ಲವೆಂಬುದನ್ನು ತಾವು ಗಮನಿಸಬೇಕು.

ಇದು ನಮ್ಮ ಹಳ್ಳಿಯ ಮಕ್ಕಳ ಸೊತ್ತೇನೂ ಅಲ್ಲ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಎಂಬುವರು ಮಕ್ಕಳಿಗೆ ಒಂದು ಕಥೆ ಹೇಳಿ ಪ್ರಶ್ನೆ ಕೇಳುತ್ತಿದ್ದರು. ಇಬ್ಬರು ಹುಡುಗರು ತೋಟದಲ್ಲಿ ಸೇಬು ಕದಿಯುತ್ತಾರೆ. ಒಬ್ಬ ಸಿಕ್ಕಿಬೀಳುತ್ತಾನೆ. ಇನ್ನೊಬ್ಬ ತಪ್ಪಿಸಿಕೊಂಡು ಓಡುವಾಗ ಲಡ್ಡಾದ ಸೇತುವೆ ಮುರಿದು ನೀರಿಗೆ ಬೀಳುತ್ತಾನೆ. ಅವನು ಕದಿಯದೆ ಅದೇ ಸೇತುವೆಯ ಮೇಲೆ ಹೋಗಿದ್ದರೆ ಬೀಳುತ್ತಿದ್ದನೆ? ಸಣ್ಣ ಮಕ್ಕಳಲ್ಲಿ ಹೆಚ್ಚಿನವರು 'ಬೀಳುತ್ತಿರಲಿಲ್ಲ' ಎಂದರು. ಹನ್ನೊಂದು ಹನ್ನೆರಡು ವರ್ಷಕ್ಕೆ ಬರುವ ಹೊತ್ತಿಗೆ ಹಾಗೆನ್ನುವವರು ಕಡಮೆಯಾದರು. ಸೇತುವೆಗೆ ಸೇಬಿನ ಸಂಗತಿ ಗೊತ್ತಿಲ್ಲವೆಂಬುದು ಅವರಿಗೆ ತಿಳಿದಿತ್ತು. 1932ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಇದರ ವಿವರವಿದೆ. ಕೌಂಟರಿನ ಆಚೆ ನಿಂತು ತಮ್ಮ ನಷ್ಟಕ್ಕೆ ಯಾವ ದೋಷ ಕಾರಣವೆಂದು ನನ್ನೊಡನೆ ಚರ್ಚಿಸುವ ಐವತ್ತು ದಾಟಿದ ಗಿರಾಕಿಗಳನ್ನು ನೋಡುವಾಗ, ಆ ಸೇತುವೆಯನ್ನು ಎಲ್ಲರೂ ದಾಟುವುದಿಲ್ಲವೆಂದೂ ನನಗೆ ಅನಿಸಿದೆ. ಅದಿರಲಿ.

ಈ ಬದಲಾವಣೆಯನ್ನು ತನ್ನ ಜೀವನದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬರೆದಿಟ್ಟವರು ವಿರಳ. ಬರೆದವರಲ್ಲಿ ಗಾಂಧೀಜಿಯವರಷ್ಟು ಮುಚ್ಚುಮರೆಯಿಲ್ಲದೆ ಬರೆದವರು ಇನ್ನೂ ವಿರಳ. ಅವರ ಆತ್ಮಕಥೆಯನ್ನು ಶಾಲೆಯಲ್ಲಿ ಬಹುಮಾನವಾಗಿ ಪಡೆದು ಓದದೆ ಇಟ್ಟವರು ಈ ಸಭೆಯಲ್ಲಿ ಅನೇಕರಿರಬಹುದು. ಮಹಾತ್ಮರ ವಿಷಯ ಬಿಟ್ಟು, ಪೋರಬಂದರಿನ ಒಬ್ಬ ಅಂಜುಬುರುಕ ಹುಡುಗನ ವಿಷಯವೆಂದು ಅದನ್ನು ಓದಿ ನೋಡಿ.

ಮೋಹನದಾಸನ ಮನೆ ವೈಷ್ಣವರದು. ಹವೇಲಿಗೆ, ಎಂದರೆ ವೈಷ್ಣವ ದೇವಾಲಯಕ್ಕೆ, ಅವನನ್ನು ಕರೆದೊಯ್ಯುತ್ತಿದ್ದರು. ಅಲ್ಲಿನ ಥಳಕು ವೈಭವ ಅವನಿಗೆ ಹಿಡಿಸಲಿಲ್ಲ. ತಾಯಿ ಪುತಲೀಬಾಯಿ ಒಂದು ಚಾತುರ್ಮಾಸದಲ್ಲಿ ಸೂರ್ಯನನ್ನು ಕಾಣದೆ ಊಟಮಾಡುವುದಿಲ್ಲವೆಂದು ವ್ರತ ಹಿಡಿದರು. ಮಕ್ಕಳು ಮೋಡದ ಕಡೆ ಕಣ್ಣಿಟ್ಟು ಕಾಯುವರು. ಸೂರ್ಯ ಇಣುಕಿದೊಡನೆ ಒಳಗೆ ಓಡಿ ಕೂಗುವರು. ತಾಯಿ ಹೊರಗೆ ಬರುವಷ್ಟರಲ್ಲಿ ಅವನು ಮಾಯ. ದೇವರಿಗೆ ಇಂದು ನನ್ನ ಊಟ ಇಷ್ಟವಿಲ್ಲವೆಂದು ನಗುತ್ತಲೇ ಆಕೆ ಕೆಲಸಕ್ಕೆ ಹಿಂದಿರುಗುವರು. ಇನ್ನು ಹುಡುಗನಿಗೆ ಭೂತಪ್ರೇತಗಳ ಭಯ ಬಹಳ. ಮನೆಯ ಹಳೆಯ ಸೇವಕಿ ರಂಭಾ ಅದಕ್ಕೆ ಮದ್ದು ಹೇಳಿಕೊಟ್ಟಳು: ರಾಮನಾಮ ಹೇಳು. ಆ ಮದ್ದಿಗಿಂತ ಮದ್ದು ಕೊಟ್ಟ ರಂಭಾಳಲ್ಲಿಯೇ ತನಗೆ ಹೆಚ್ಚು ನಂಬಿಕೆಯಿತ್ತೆಂದು ಗಾಂಧೀಜಿ ಬರೆಯುತ್ತಾರೆ. ನನ್ನ ಮಟ್ಟಿಗೆ ಈ ಒಂದು ಮಾತಿನಲ್ಲಿ ಬಾಲ್ಯದ ಧರ್ಮವೆಲ್ಲ ಇದೆ. ಮಗು ನಂಬುವುದು ಸಿದ್ಧಾಂತವನ್ನಲ್ಲ, ತನ್ನ ಕೈ ಹಿಡಿದವರನ್ನು.

ಮುಂದೆ ತಂದೆಯ ಪುಸ್ತಕಗಳಲ್ಲಿ ಮನುಸ್ಮೃತಿ ಅವನ ಕೈಗೆ ಸಿಕ್ಕಿತು. ಅದರಲ್ಲಿನ ಸೃಷ್ಟಿಯ ಕಥೆ ಹುಡುಗನಿಗೆ ಒಪ್ಪಿಗೆಯಾಗಲಿಲ್ಲ. ಮನಸ್ಸು ಸ್ವಲ್ಪ ನಾಸ್ತಿಕತೆಯ ಕಡೆಗೇ ವಾಲಿತು. ಬುದ್ಧಿವಂತನೆಂದು ತಾನು ಗೌರವಿಸುತ್ತಿದ್ದ ದೊಡ್ಡಪ್ಪ ಚಿಕ್ಕಪ್ಪಂದಿರ ಮಗನೊಬ್ಬನ ಬಳಿಗೆ ಅವನು ಸಂಶಯವನ್ನು ಒಯ್ದ. ಬಂದ ಉತ್ತರ ನಮಗೆಲ್ಲ ಪರಿಚಿತವಾದದ್ದೇ: ದೊಡ್ಡವನಾದ ಮೇಲೆ ನಿನಗೇ ತಿಳಿಯುತ್ತದೆ, ಈ ವಯಸ್ಸಿನಲ್ಲಿ ಇದನ್ನೆಲ್ಲ ಕೇಳಬಾರದು. ಹುಡುಗನ ಬಾಯಿ ಮುಚ್ಚಿತು, ಸಮಾಧಾನವಾಗಲಿಲ್ಲ.

ಈಗ ನಮ್ಮ ಮನೆಗಳಿಗೆ ಬರೋಣ. ಊರಿನಲ್ಲಿದ್ದ ಮಗುವಿಗೆ ಕಾಡು, ಬನ, ಗುಡಿ, ದೀಪ, ಜಾತ್ರೆ, ಇವೇ ಅರ್ಧ ಉತ್ತರ ಹೇಳುತ್ತಿದ್ದವು. ಪ್ರಶ್ನೆ ಕೇಳಿಬಿಟ್ಟ ಬಾಯಿಗೆ ಪ್ರಸಾದ ಬೀಳುತ್ತಿತ್ತು. ನಾನು ಡೊಂಬಿವಿಲಿಗೆ ಬಂದು ಬಾಡಿಗೆಯ ಕೋಣೆಯಲ್ಲಿ ಮಲಗಿದ ಮೊದಲ ಮಳೆಗಾಲದಲ್ಲಿ ನಾಗನ ಭಯ ನನ್ನೊಡನೆ ರೈಲು ಹತ್ತಿರಲಿಲ್ಲವೆಂಬುದನ್ನು ಕಂಡು ಆಶ್ಚರ್ಯಪಟ್ಟೆ. ಊರಿಗೆ ಹೋಗಿ ಬನದ ದಾರಿಯಲ್ಲಿ ನಡೆದರೆ ಹೆಜ್ಜೆ ತಾನಾಗಿ ಚುರುಕಾಗುತ್ತದೆ, ಈಗಲೂ. ಭಯಕ್ಕೂ ಒಂದು ಊರು ಬೇಕು. ಇಲ್ಲಿಯೇ ಹುಟ್ಟಿದ ನಮ್ಮ ಮಕ್ಕಳಿಗೆ ಆ ಊರಿಲ್ಲ. ಅವರ ದೇವರು ಓಣಿಯ ಮಂಟಪದ ಗಣಪತಿ. ವಿಸರ್ಜನೆಯ ದಿವಸ ಅವನಿಗಾಗಿ ಅಳುತ್ತಾರೆ. ನಾಗರಪಂಚಮಿಯ ದಿನ ಅಜ್ಜಿ ಮೊಬೈಲಿನಲ್ಲಿ ತೋರಿಸುವ ಕಲ್ಲು, ಹಾಲು, ಅರಿಸಿನ ಅವರಿಗೆ ಒಂದು ಚಿತ್ರ ಮಾತ್ರ. ಆದುದರಿಂದ ನಮ್ಮ ಮಕ್ಕಳು ನಾವು ಕೇಳಿದ್ದಕ್ಕಿಂತ ಬೇಗ, ಹೆಚ್ಚು ನೇರವಾಗಿ ಕೇಳುತ್ತಾರೆ. ಉತ್ತರದ ಭಾರವೆಲ್ಲ ತಂದೆತಾಯಿಗಳ ಮೇಲೆಯೇ ಬೀಳುತ್ತದೆ.

ಊರು ಬಿಟ್ಟ ಮೇಲೆ ಗಾಂಧೀಜಿಗೆ ಏನಾಯಿತೆಂಬುದನ್ನು ಇದಕ್ಕಾಗಿಯೇ ನೋಡಬೇಕು. 1889ರ ಸುಮಾರಿಗೆ ಲಂಡನ್ನಿನಲ್ಲಿ ಥಿಯಾಸಫಿಯ ಇಬ್ಬರು ಸಹೋದರರು ಎಡ್ವಿನ್ ಆರ್ನಾಲ್ಡರ ಇಂಗ್ಲಿಷ್ ಗೀತೆಯನ್ನು ತಮ್ಮೊಡನೆ ಓದಲು ಬನ್ನಿರೆಂದು ಕರೆದರು. ಸಂಸ್ಕೃತದಲ್ಲಾಗಲಿ ಗುಜರಾತಿಯಲ್ಲಾಗಲಿ ತಾನದನ್ನು ಓದಿರಲಿಲ್ಲವೆಂದು ತರುಣನಿಗೆ ನಾಚಿಕೆಯಾಯಿತು. ನಮ್ಮಲ್ಲಿಯೂ ಊರಿನಲ್ಲಿದ್ದಾಗ ಬಯಲಾಟದ ಕಡೆ ತಿರುಗಿಯೂ ನೋಡದೆ ಮುಂಬಯಿಗೆ ಬಂದು ಯಕ್ಷಗಾನಕ್ಕೆ ಟಿಕೆಟು ಕೊಂಡವರು ಎಷ್ಟು ಮಂದಿಯಿಲ್ಲ!

1891ರಲ್ಲಿ ವಿಲಾಯತಿಯಿಂದ ಹಿಂದಿರುಗಿದಾಗ ಅವರಿಗೆ ರಾಯಚಂದಭಾಯಿಯವರ ಪರಿಚಯವಾದದ್ದು ನಮ್ಮ ಈ ಮುಂಬಯಿಯಲ್ಲಿಯೇ. ಶ್ರೀಮದ್ ರಾಜಚಂದ್ರರೆಂದು ಜೈನರು ಪೂಜಿಸುವ ಈತ ಗಾಂಧೀಜಿಗಿಂತ ಎರಡೇ ವರ್ಷ ಹಿರಿಯರು, ಮುತ್ತುರತ್ನಗಳ ವ್ಯಾಪಾರಿ. ಅಂಗಡಿಯ ಗಾದಿಯ ಮೇಲೆ ಒಂದು ಧರ್ಮಗ್ರಂಥ, ಒಂದು ದಿನಚರಿ ಸದಾ ಇರುತ್ತಿತ್ತಂತೆ. ಲಕ್ಷಾಂತರ ರೂಪಾಯಿಯ ವ್ಯವಹಾರ ಮುಗಿದೊಡನೆ ಕೈ ಅವುಗಳ ಕಡೆಗೆ ಹೋಗುತ್ತಿತ್ತಂತೆ. ಕೊನೆಯ ಲೋಕಲ್ ಗಾಡಿಗೆ ಓಡುವ ಬ್ಯಾಂಕಿನವನಿಗೆ ಇದನ್ನು ಓದಿ ಹೊಟ್ಟೆಕಿಚ್ಚಾಗದೆ ಇರುವುದಿಲ್ಲ. ಮುಂದೆ ದಕ್ಷಿಣ ಆಫ್ರಿಕದಲ್ಲಿ ಕ್ರೈಸ್ತ ಮಿತ್ರರು ಪ್ರೀತಿಯಿಂದಲೇ ತಮ್ಮ ಮತಕ್ಕೆ ಕರೆದಾಗ ಗಾಂಧೀಜಿಯ ಮನಸ್ಸು ಕಲಕಿತು. 1894ರಲ್ಲಿ ಅವರು ಇಪ್ಪತ್ತೇಳು ಪ್ರಶ್ನೆಗಳನ್ನು ಬರೆದು ರಾಯಚಂದಭಾಯಿಗೆ ಕಳಿಸಿದರು. ಆತ್ಮವೆಂದರೇನು, ಈಶ್ವರನೆಂದರೆ ಯಾರು ಎಂಬಲ್ಲಿಂದ ಹಿಡಿದು, ಹಾವು ಕಚ್ಚಲು ಬಂದರೆ ಕಚ್ಚಿಸಿಕೊಳ್ಳಬೇಕೆ ಕೊಲ್ಲಬೇಕೆ ಎಂಬವರೆಗೆ. ಇಪ್ಪತ್ತೈದು ವರ್ಷದ ಬ್ಯಾರಿಸ್ಟರನಿಗೆ ಇದೆಲ್ಲ ಏಕೆಂದು ಅವರು ಬದಿಗಿಡಲಿಲ್ಲ. ಒಂದೊಂದಕ್ಕೂ ಉತ್ತರ ಬರೆದರು. ಹಾವಿನಿಂದ ಕಚ್ಚಿಸಿಕೊ ಎಂದು ಇನ್ನೊಬ್ಬರಿಗೆ ಹೇಳಲು ಹಿಂಜರಿಕೆಯಾಗುತ್ತದೆಂದು ಒಪ್ಪಿಕೊಂಡೇ, ದೇಹ ಅನಿತ್ಯವೆಂದು ಬಲ್ಲವನು ಅದಕ್ಕಾಗಿ ಮತ್ತೊಂದು ಜೀವವನ್ನು ಕೊಲ್ಲುವುದು ಹೇಗೆ ಸರಿ ಎಂದು ಕೇಳಿದರು. ನಾಗಬನದ ಪಕ್ಕದಲ್ಲಿ ಬೆಳೆದವನಿಗೆ ಈ ಉತ್ತರ ಬೇರೆಯೇ ರೀತಿಯಲ್ಲಿ ನಾಟುತ್ತದೆ. ಅಜ್ಜಿಯೂ ಹಾವನ್ನು ಕೊಲ್ಲಬೇಡವೆಂದೇ ಹೇಳಿದ್ದರು, ರಾಯಚಂದಭಾಯಿಯೂ ಅದನ್ನೇ ಹೇಳಿದರು. ಒಬ್ಬರು ಹುಣ್ಣೇಳುತ್ತದೆಂಬ ಭಯ ತೋರಿಸಿ, ಮತ್ತೊಬ್ಬರು ಹಾವಿಗೂ ತನ್ನ ದೇಹ ಪ್ರಿಯವೆಂದು ನೆನಪಿಸಿ.

ರಂಭಾ ಕೊಟ್ಟ ರಾಮನಾಮ ಏನಾಯಿತು? ಬಾಲ್ಯದಲ್ಲಿ ಅದು ಬಹಳ ಕಾಲ ನಿಲ್ಲಲಿಲ್ಲವೆಂದು ಅವರೇ ಹೇಳುತ್ತಾರೆ. ಆದರೆ ಬೀಜ ಸಾಯಲಿಲ್ಲ. ದೇವರೇ ಸತ್ಯವೆನ್ನುತ್ತಿದ್ದವರು 1931ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮಾತನಾಡುತ್ತ, ಸತ್ಯವೇ ದೇವರು ಎಂಬಲ್ಲಿಗೆ ತಾವು ಬಂದುದನ್ನು ವಿವರಿಸಿದರು. 1946ರಲ್ಲಿ, ತಮ್ಮ ಪ್ರಾರ್ಥನೆಯ ರಾಮ ಅಯೋಧ್ಯೆಯ ದಶರಥನ ಮಗನಾದ ಚಾರಿತ್ರಿಕ ರಾಮನಲ್ಲವೆಂದು ಸ್ಪಷ್ಟವಾಗಿ ಬರೆದರು. ಹೆಸರು ಸೇವಕಿ ಕೊಟ್ಟದ್ದೇ, ಒಳಗಿನ ತಿರುಳು ಮಾತ್ರ ಅರುವತ್ತು ಎಪ್ಪತ್ತು ವರ್ಷಗಳಲ್ಲಿ ಪೂರ್ತಿ ಬದಲಾಗಿತ್ತು. ಭೂತದ ಭಯಕ್ಕೆ ಹೇಳಿದ ಹೆಸರನ್ನು ಹಿಡಿದುಕೊಂಡೇ ಅವರು ನೌಖಾಲಿಯ ಹಳ್ಳಿಗಳಲ್ಲಿ ನಡೆದರು.

ಎಲ್ಲರ ದಾರಿಯೂ ಹೀಗೆ ಹಳೆಯ ಹೆಸರಿಗೇ ಹಿಂದಿರುಗಬೇಕೆಂದು ನಾನು ಹೇಳುವುದಿಲ್ಲ. ನಮ್ಮವರೇ ಆದ ಎಚ್. ನರಸಿಂಹಯ್ಯನವರನ್ನು ನೋಡಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದವರು. ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿರೆಂದು ಜೀವನವೆಲ್ಲ ಹೇಳಿದವರು. ಅಂಥವರು ಖಾದಿ ಉಟ್ಟು, ಮದುವೆಯಾಗದೆ, ವಿದ್ಯಾರ್ಥಿನಿಲಯದ ಕೋಣೆಯಲ್ಲಿ ವಾಸಿಸಿ 2005ರಲ್ಲಿ ತೀರಿಕೊಂಡರು. ಮೂಢನಂಬಿಕೆ ಬಿಟ್ಟವನು ಕಟ್ಟು ಬಿಟ್ಟವನಾಗುತ್ತಾನೆಂದು ಹೆದರುವ ಹಿರಿಯರು ಅವರ ಜೀವನವನ್ನು ಒಮ್ಮೆ ಓದಬೇಕು. ಕಾರಂತರ 'ಮೂಕಜ್ಜಿಯ ಕನಸುಗಳು' ಕಾದಂಬರಿಯ ಮೂಕಜ್ಜಿಯೂ ಇದ್ದಾಳೆ. ಬಾಲವಿಧವೆಯಾಗಿ ಮುದುಕಿಯಾದ ಆಕೆ ಮೊಮ್ಮಗ ಸುಬ್ಬರಾಯ ದೇವರುಗಳ ವಿಷಯ ಏನೇ ಕೇಳಿದರೂ ಬಾಯಿ ಮುಚ್ಚಿಸುವುದಿಲ್ಲ. ದೇವರುಗಳು ಬಂದದ್ದು, ಹೋದದ್ದು, ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂತದ್ದು ಎಲ್ಲವನ್ನೂ ಕಂಡಂತೆ ಹೇಳುತ್ತಾಳೆ. ಮೋಹನದಾಸನಿಗೆ ಆ ದಿನ ಇಂಥ ಅಜ್ಜಿಯೊಬ್ಬಳು ಸಿಕ್ಕಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನನ್ನ ಮನೆಯ ಒಂದು ಮಾತು ಹೇಳಲು ಅಪ್ಪಣೆಯಿರಲಿ. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ನನ್ನ ಮಗಳಿಗೆ ಡೆಂಗಿ ಜ್ವರ ಬಂತು. ಆಗ ಅವಳಿಗೆ ಆರು ವರ್ಷ. ರಕ್ತದ ಪ್ಲೇಟ್‌ಲೆಟ್ ಸಂಖ್ಯೆ ದಿನ ದಿನಕ್ಕೆ ಇಳಿಯುತ್ತಿತ್ತು. ಲೆಕ್ಕವನ್ನೇ ನಂಬಿ ಬದುಕುವ ನನಗೆ ಆ ನಾಲ್ಕು ರಾತ್ರಿ ಆ ಒಂದು ಲೆಕ್ಕದ ಹೊರತು ಬೇರೇನೂ ಕಾಣಿಸಲಿಲ್ಲ. ನನ್ನ ಹೆಂಡತಿ ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಕೊಲ್ಲೂರು ಮೂಕಾಂಬಿಕೆಗೆ ಸೀರೆಯ ಹರಕೆ ಹೇಳಿಕೊಂಡಳು. ನಾನು ಬೇಡವೆನ್ನಲಿಲ್ಲ, ಸಲೈನಿನ ಹನಿಗಳನ್ನು ಎಣಿಸುತ್ತಿದ್ದೆ. ಮಗು ಗುಣವಾಯಿತು. ಮತ್ಸ್ಯಗಂಧ ರೈಲಿನಲ್ಲಿ ಕುಂದಾಪುರಕ್ಕೆ ಹೋಗಿ, ಅಮ್ಮನನ್ನೂ ಕರೆದುಕೊಂಡು ಕೊಲ್ಲೂರಿನ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಮಗಳು ಕೇಳಿದಳು, "ಔಷಧಿ ಕೊಟ್ಟದ್ದು ಡಾಕ್ಟರ್. ಸೀರೆ ಮಾತ್ರ ದೇವಿಗೆ ಯಾಕೆ?" ನನ್ನ ಅಮ್ಮ ಕೂಡಲೆ, "ಹಾಂಗೆಲ್ಲ ಕೇಂಬುಕಾಗ ಮಗಾ" ಎಂದರು.

ನಾನು ಹೇಳಿದೆ, "ನಿನ್ನ ಜ್ವರ ಇಳಿಸಿದವರು ಡಾಕ್ಟರೇ. ಆದರೆ ಆ ರಾತ್ರಿ ನಿನ್ನ ಅಮ್ಮನಿಗೆ ಭಯವಾಗಿತ್ತು. ಅದನ್ನು ಡಾಕ್ಟರಿಗೆ ಹೇಳಲು ಆಗುತ್ತಿರಲಿಲ್ಲ, ನನಗೆ ಹೇಳಿದರೆ ನಾನೂ ಹೆದರಿದ್ದೆ. ಅವಳು ದೇವಿಗೆ ಹೇಳಿಕೊಂಡಳು. ದೇವಿ ಕೇಳಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅಮ್ಮ ಬೆಳಗಿನವರೆಗೆ ಕೂತಿದ್ದನ್ನು ಮಾತ್ರ ನೋಡಿದ್ದೇನೆ." ಮಗಳು ಸ್ವಲ್ಪ ಯೋಚಿಸಿ, "ಹಾಗಾದರೆ ಡಾಕ್ಟರಿಗೂ ಒಂದು ಸೀರೆ ಕೊಡಬೇಕು" ಎಂದಳು. ಡಾಕ್ಟರು ಹೆಂಗಸು. ದೀಪಾವಳಿಗೆ ಕೊಟ್ಟು ಬಂದೆವು. ಅಮ್ಮನಿಗೆ ನನ್ನ ಉತ್ತರ ಸರಿಬರಲಿಲ್ಲ. ಮಗುವಿನ ಎದುರಿಗೆ 'ಗೊತ್ತಿಲ್ಲ' ಎನ್ನುವುದೆ, ಎಂದು ಎರಡು ದಿನ ಮಾತು ಕಡಮೆಮಾಡಿದರು. ಅವರ ಕೋಪದಲ್ಲಿಯೂ ಅರ್ಥವಿಲ್ಲದಿಲ್ಲ. ಅವರ ಕೈಹಿಡಿದು ಬಂದ ನಂಬಿಕೆಯನ್ನು ನಾನು ಕೈಬಿಡುತ್ತಿದ್ದೇನೆಂದು ಅವರಿಗೆ ಅನಿಸಿರಬೇಕು. ಆದರೆ ಮಗಳು ಈಗಲೂ ಅಜ್ಜಿಯ ಪಕ್ಕದಲ್ಲಿಯೇ ಕುಳಿತು ದೀಪ ಹಚ್ಚುತ್ತಾಳೆ, ಹಚ್ಚುತ್ತಲೇ ಪ್ರಶ್ನೆ ಕೇಳುತ್ತಾಳೆ.

ಆದುದರಿಂದ ಸಂಘದ ಮುಂದೆ ನನ್ನದೊಂದು ಸಣ್ಣ ಸೂಚನೆ. ನಮ್ಮಲ್ಲಿ ಶನಿವಾರದ ಭಜನೆ ಎಂಟೂವರೆಗೆ ಮುಗಿಯುತ್ತದೆ. ಪ್ರಸಾದ ಹಂಚುವುದಕ್ಕೆ ಮುಂಚೆ ತಿಂಗಳಿಗೊಮ್ಮೆ ಅರ್ಧ ಗಂಟೆ ಮಕ್ಕಳಿಗೆ ಬಿಡಬೇಕು. ಅವರು ಏನು ಬೇಕಾದರೂ ಕೇಳಲಿ. ಭಜನೆಯವರು, ನಂಬದವರು, ಊರಿನಿಂದ ಬಂದ ಅಜ್ಜ ಅಜ್ಜಿಯರು ಯಾರು ಬೇಕಾದರೂ ಉತ್ತರ ಹೇಳಲಿ. ಕೇಳಬಾರದೆನ್ನುವ ಒಂದು ಮಾತಿಗೆ ಮಾತ್ರ ಅಲ್ಲಿ ಅವಕಾಶವಿರಕೂಡದು. ಖರ್ಚು ಏನೂ ಇಲ್ಲ, ಖಜಾಂಚಿಗಳು ಗಾಬರಿಯಾಗಬೇಕಾಗಿಲ್ಲ. ಕಾರ್ಯಕಾರಿ ಸಮಿತಿ ಒಪ್ಪಿದರೆ ಮೊದಲನೆಯ ಶನಿವಾರ ಚಾಪೆ ಹಾಸುವ ಕೆಲಸ ನನ್ನದು.

ನಾಟಕದವರು ಬಣ್ಣ ಹಚ್ಚಿಕೊಂಡು ಪರದೆಯ ಹಿಂದೆ ಕಾಯುತ್ತಿದ್ದಾರೆ.